ಕೀಲಿ ಗೊಂಚಲಿನ ಬೆಳಕು

ನಮ್ಮ ಗುರುಮಠಕಲ್ ಕಡೆ ಟಾರ್ಚಿಗೆ ಟಾರ್ಚ್ ಎನ್ನುವವರು ಕಡಿಮೆ. ಅದು ಬ್ಯಾಟ್ರಿ; ಅದರೊಳಗೆ ಹಾಕುವುದು ಶೆಲ್ಲು. ಮೂರು ಶೆಲ್ಲಿನ ಬ್ಯಾಟ್ರಿ ಇದ್ದವರ ಮನೆ ಎಂದರೆ ಅದಕ್ಕೊಂದು ತೂಕವಿದ್ದ ಕಾಲವೂ ಇತ್ತು. ಹೊಲಕ್ಕೆ ನೀರು ಕಟ್ಟಲು ಹೋಗುವ ಗಂಡಸಿನ ಬಗಲಲ್ಲಿ ಅದು ಇರುತ್ತಿತ್ತು. ಹೆಂಗಸರ ಕೈಗೆ ಬರುತ್ತಿದ್ದುದು ಕಂದೀಲು. ಈಗ ನೋಡಿ, ಬಳೆ ಅಂಗಡಿಯಲ್ಲಿ ಪಿನ್ನು, ಟಿಕಳಿ, ರಿಬ್ಬನ್ನುಗಳ ಪಕ್ಕದ ಮೊಳೆಗೆ ಹೆಬ್ಬೆರಳ ಗಾತ್ರದ ಬ್ಯಾಟ್ರಿಗಳು ತೂಗಾಡುತ್ತವೆ. ಸಂಕ್ರಾಂತಿಗೆ ಮೈಲಾಪುರದ ಮಲ್ಲಯ್ಯನ ಜಾತ್ರೆಗೆ ಹೋದರೆ ಗುಡ್ಡೆ ಹಾಕಿ ಮಾರುತ್ತಾರೆ. 20 ರೂಪಾಯಿಗೆ ಒಂದು. ಬಾಯಿ ಮಾಡುವವರಿಗೆ 50ಕ್ಕೆ ಮೂರು. ಪರ್ಸು ಹಿಡಿಯುವವರು ಕೀಲಿ ಗೊಂಚಲಿಗೆ ಹಾಕಿಕೊಳ್ಳುತ್ತಾರೆ, ಹಿಡಿಯದವರು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಾರೆ.

ಇಷ್ಟು ಸಣ್ಣದರಲ್ಲಿ ಬೆಳಕು ಹೇಗೆ ಹಿಡಿಸಿತು ಎಂಬುದು ದೊಡ್ಡ ಕಥೆ. ಹಳೆಯ ಬಲ್ಬಿನಲ್ಲಿ ತಂತಿ ಕಾದು ಕೆಂಪಾದರೇ ಬೆಳಕು. ಶೆಲ್ಲಿನ ಬಹುಪಾಲು ಶಕ್ತಿ ಬಿಸಿಯಾಗಿ ಹೋಗುತ್ತಿತ್ತು. ಎಲ್ಇಡಿಗೆ ಆ ಕಾಯುವ ಕೆಲಸವಿಲ್ಲ. ಕೆಂಪು, ಹಸಿರು ಎಲ್ಇಡಿಗಳು ಮೊದಲೇ ಇದ್ದವು; ಬಿಳಿ ಬೆಳಕಿಗೆ ಬೇಕಾದ ಪ್ರಖರವಾದ ನೀಲಿಯನ್ನು ಜಪಾನಿನಲ್ಲಿ ಹುಟ್ಟಿದ ಅಕಾಸಾಕಿ, ಅಮಾನೊ, ನಾಕಾಮುರಾ ಎಂಬ ಮೂವರು ಸಾಧಿಸಿದರು. ಅದಕ್ಕೆ 2014ರಲ್ಲಿ ಅವರಿಗೆ ನೊಬೆಲ್ ಬಂತು. ಅವರ ವಿದ್ಯೆ ಕೊನೆಗೆ ನಮ್ಮ ಬಳೆಗಾರನ ಮೊಳೆಗೆ ಬಂದು ನಿಂತಿತು. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಇದರೊಳಗಿನ ಗುಂಡಿಯಂಥ ಶೆಲ್ಲು ಮಕ್ಕಳ ಕೈಗೆ ಸಿಗಬಾರದು. ನುಂಗಿದರೆ "ನಾಳೆ ಹೊರಗೆ ಬರುತ್ತದೆ" ಎಂದು ಕಾಯದೆ ಆಗಲೇ ಆಸ್ಪತ್ರೆಗೆ ಓಡಬೇಕು. ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ತಾಸಿನಲ್ಲಿ ಸುಡಬಲ್ಲದು.

ನನ್ನನ್ನು ಕಾಡುವ ಪ್ರಶ್ನೆ ಬೇರೆ. ಮಗಳು ಕಾಲೇಜಿಗೆ, ಕೆಲಸಕ್ಕೆ ಹೊರಟಾಗ ನಾವು ತಾಯಂದಿರು ಇದೊಂದನ್ನು ಕೊಂಡು ಅವಳ ಕೀಲಿಗೆ ಸಿಕ್ಕಿಸುತ್ತೇವೆ. "ಹುಷಾರವ್ವಾ, ಹೊತ್ತಾದ್ರ ಹಚ್ಕೊ" ಎನ್ನುತ್ತೇವೆ. ಆಗ ಅವಳಿಗೆ ನಾವು ಕೊಟ್ಟದ್ದು ಬೆಳಕೋ ಅಥವಾ ಒಂದು ಹೊರೆಯೋ?

ಹಾವಿನ ವಿಷಯದಲ್ಲಾದರೆ ಸಂಶಯವಿಲ್ಲ. 2020ರಲ್ಲಿ ಪ್ರಕಟವಾದ ಅಧ್ಯಯನವೊಂದು 2000ದಿಂದ 2019ರವರೆಗೆ ನಮ್ಮ ದೇಶದಲ್ಲಿ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ, ಎಂದರೆ ವರ್ಷಕ್ಕೆ ಸರಾಸರಿ 58,000 ಎಂದು ಅಂದಾಜು ಮಾಡಿತು. ಬಹಳ ಮಂದಿ ಹಳ್ಳಿಯವರೇ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತದ ಪ್ರತಿ ಪ್ರಕರಣವನ್ನೂ ವರದಿ ಮಾಡಬೇಕೆಂದು ಆದೇಶಿಸಿತು. ಕಾಲಲ್ಲಿ ಚಪ್ಪಲಿ, ಕೈಯಲ್ಲಿ ಬೆಳಕು ಇರಲಿ ಎಂದು ವೈದ್ಯರು ಹೇಳುವುದು ಸರಿಯೇ. ಕಟ್ಟಾವಿಗೆ ನ್ಯಾಯ ಅನ್ಯಾಯ ಗೊತ್ತಿಲ್ಲ. ನಾನು ಕಾಣದೆ ತುಳಿದರೆ ಅದು ಕಡಿಯುತ್ತದೆ. ಅಲ್ಲಿ ಎಚ್ಚರ ನನ್ನದೇ, ನಾಲ್ಕು ಹೆಜ್ಜೆ ಮುಂದೆ ಬೀಳುವ ಬೆಳಕು ಸಾಕು.

ಆದರೆ ನಮ್ಮ ಹಾದಿಯಲ್ಲಿರುವುದು ಹಾವಿನ ಕತ್ತಲು ಒಂದೇ ಅಲ್ಲ. ಯಾರೋ ಹಾಕಿಸಬೇಕಾಗಿದ್ದ ದೀಪವನ್ನು ಹಾಕಿಸದೆ ಬಿಟ್ಟ ಕತ್ತಲೂ ಇದೆ. ಆ ಕತ್ತಲಲ್ಲಿ ಹುಡುಗಿಯೊಬ್ಬಳ ಹಿಂದೆ ಗಾಡಿ ನಿಧಾನ ಮಾಡಿಕೊಂಡು ಯಾವನೋ ಬಂದ ಎನ್ನಿ. ಅವಳು ನಡುಗುತ್ತ ಮನೆಗೆ ಬಂದು ಹೇಳಿದರೆ ಹಿರಿಯರ ಬಾಯಿಂದ ಮೊದಲು ಬರುವ ಮಾತು ಯಾವುದು? "ಬ್ಯಾಟ್ರಿ ಒಯ್ದಿದ್ದಿಲ್ಲೇನು?" ಅವನು ಯಾರು, ಯಾಕೆ ಬಂದ ಎಂಬುದು ಆಮೇಲೆ. ನಾವು ಅಕ್ಕರೆಯಿಂದ ಕೊಟ್ಟ 20 ರೂಪಾಯಿಯ ಸಾಮಾನು ಅಲ್ಲಿ ಅವಳ ಮೇಲಿನ ಆರೋಪಕ್ಕೆ ಸಾಕ್ಷಿಯಾಗಿ ನಿಲ್ಲುತ್ತದೆ. ಹಾವಿಗೆ ಸಲ್ಲುವ ಬುದ್ಧಿವಾದವನ್ನು ಮನುಷ್ಯರಿಗೂ ಹಚ್ಚಿದರೆ ಆಗುವುದು ಇದೇ. ಗಂಡಸನ್ನು ನಾವು ಹಾವಿನಷ್ಟೇ ತಿಳಿಗೇಡಿ ಎಂದು ಒಪ್ಪಿಕೊಂಡಂತೆ!

ಬೆಳಕು ಎಂದರೆ ಯಾವಾಗಲೂ ಒಳ್ಳೆಯದೇ ಎಂದು ಹೇಳುವವರು ಬಯಲಿಗೆ ಹೋಗುವ ಹೆಂಗಸರನ್ನು ಕೇಳಬೇಕು. 2014ರ ನಂತರ ಶೌಚಾಲಯಗಳು ಬಹಳ ಆದವು, ನಿಜ. ಆದರೂ ನಮ್ಮ ಭಾಗದ ಹಳ್ಳಿಗಳಲ್ಲಿ ನಸುಕಿನಲ್ಲಿ ಚೆಂಬು ಹಿಡಿದು ಹೋಗುವುದು ಪೂರ್ತಿ ನಿಂತಿಲ್ಲ. ಅವರು ಹೋಗುವ ತನಕ ಬ್ಯಾಟ್ರಿ ಒತ್ತುತ್ತಾರೆ, ಕೂರುವಾಗ ಆರಿಸುತ್ತಾರೆ. ರಸ್ತೆಯಲ್ಲಿ ಜೀಪಿನ ಬೆಳಕು ಬಿದ್ದರೆ ದಿಗ್ಗನೆ ಎದ್ದು ನಿಲ್ಲುತ್ತಾರೆ. ಹಾವು ಕಾಣಲು ಬೆಳಕು ಬೇಕು, ಮಾನ ಉಳಿಯಲು ಕತ್ತಲು ಬೇಕು. ಎರಡನ್ನೂ ಒಂದೇ ಗುಂಡಿಯಲ್ಲಿ ನಿಭಾಯಿಸುವ ಜಾಣತನ ಅವರದು. ಅದನ್ನು ಹೊಗಳಲು ನನಗೆ ಮನಸ್ಸು ಬರುವುದಿಲ್ಲ.

ಹಾಗಾದರೆ ಕೊಡುವುದನ್ನೇ ಬಿಟ್ಟುಬಿಡೋಣವೇ? ಇದನ್ನು ನಮ್ಮ ಓಣಿಯ ಒಬ್ಬಾಕೆಯ ಮುಂದೆ ಆಡಿದೆ. ಹತ್ತಿ ಬಿಡಿಸಲು ಹೋಗುವಾಕೆ. ಹೋಗುವುದು ನಸುಕಿನಲ್ಲಿ, ಬರುವುದು ದೀಪ ಹಚ್ಚಿದ ಮೇಲೆ. ನಕ್ಕುಬಿಟ್ಟಳು. "ಅಕ್ಕೋರ, ನೀವು ಕಂಬ ತರಸ್ರಿ, ಬ್ಯಾಡ ಅನ್ನಂಗಿಲ್ಲ. ಖರೆ, ಅದು ಬರೂತನಕ ನಾ ಏನ್ ಮಾಡ್ಲಿ? ನಾಳೆ ಮುಂಜಾನಿ ನಾ ಹೋಗಬೇಕಲ್ಲ." ಮೊಬೈಲಿನಲ್ಲೇ ಬೆಳಕಿದೆಯಲ್ಲ ಎಂದೆ. "ಮೊಬೈಲ್ ನಮ್ಮ ಹುಡುಗನ ಕೈಯಾಗ ಇರ್ತದ" ಎಂದಳು. ಅವಳ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ನಾಳೆಯ ನಸುಕನ್ನು ಯಾವ ತತ್ವವೂ ಮುಂದೂಡುವುದಿಲ್ಲ. ಹಾಗಾಗಿ ಕೊಡಬೇಕು. ಕೊಡುವಾಗ ಆಡುವ ಮಾತು ಮಾತ್ರ ಬದಲಾಗಬೇಕು. "ಹುಷಾರು" ಎನ್ನುವುದನ್ನು ಮಗಳಿಗಷ್ಟೇ ಮೀಸಲಿಡುವುದು ಯಾಕೆ? ಮಗನ ಬೈಕಿನ ಕೀಲಿಗೆ ಬಾಟಲಿ ಬಿಚ್ಚುವ ಕೊಂಡಿ ತೂಗುತ್ತದೆ. ಅವನಿಗೂ ಒಂದು ಬ್ಯಾಟ್ರಿ ಕೊಟ್ಟು, ಹೆಣ್ಣುಮಗಳು ಒಬ್ಬಳೇ ಬರುವ ಹಾದಿಯಲ್ಲಿ ಗಾಡಿ ನಿಧಾನ ಮಾಡಬೇಡಪ್ಪಾ ಎಂದು ಹೇಳುವ ತಾಯಿ ನಮ್ಮಲ್ಲಿ ಎಷ್ಟು ಮಂದಿ?

ಇನ್ನು ಕಂಬದ ಮಾತು. ಗೃಹಜ್ಯೋತಿ ಯೋಜನೆ 2023ರ ಆಗಸ್ಟಿನಲ್ಲಿ ನಮ್ಮ ಕಲಬುರಗಿಯಲ್ಲೇ ಉದ್ಘಾಟನೆಯಾಯಿತು. 200 ಯೂನಿಟ್ ಮಿತಿಯೊಳಗಿನ ಮನೆಗಳಿಗೆ ಬಿಲ್ಲಿಲ್ಲ. ಮನೆಯೊಳಗಿನ ಬೆಳಕು ಸರ್ಕಾರದ ಹೊಣೆಯಾಯಿತು, ಹೊಸ್ತಿಲು ದಾಟಿದರೆ ನಮ್ಮ ಸೆರಗಿನ ಗಂಟಿನ ಹೊಣೆ ಎಂದರೆ ಹೇಗೆ? ಓಣಿಯ ತಿರುವಿಗೊಂದು ದೀಪ ಬೇಕೆಂದು ನಾವು ಹೆಂಗಸರು ಕೇಳಲು ಹೋದಾಗ ಒಬ್ಬ ಮುಖಂಡರು, "ಎಲ್ಲಾರ ಕೈಯಾಗ ಮೊಬೈಲ್ ಅದಾವ, ಅದ್ರಾಗ ಬ್ಯಾಟ್ರಿ ಐತಿ, ಮತ್ಯಾಕ ಕಂಬ?" ಎಂದರು. ಹತ್ತಿ ಬಿಡಿಸುವಾಕೆ ನಮ್ಮ ಜೊತೆಗೇ ಇದ್ದಳು. "ಸಾಹೇಬ್ರ, ನಿಮ್ಮ ಮನಿ ಮುಂದಿನ ದೀಪಾನೂ ತೆಗಸ್ತೀರೇನು ಮತ್ತ?" ಎಂದು ಕೇಳಿದಳು. ಅವರು ಅರ್ಜಿ ಬರೆದುಕೊಡಿ ಎಂದರು.

ಬರೆದಿದ್ದೇವೆ. ಹನ್ನೊಂದು ಸಹಿ, ನಾಲ್ಕು ಹೆಬ್ಬೆಟ್ಟು ಬಿದ್ದಿವೆ. ಮೂಲೆಮನೆಯ ಅಜ್ಜಿ ಮಾತ್ರ ಇನ್ನೂ ಒತ್ತಿಲ್ಲ. ಕಂಬ ತನ್ನ ಬಾಗಿಲೆದುರಿಗೇ ಬರುತ್ತದೆ, ಕಟ್ಟೆಯ ಮೇಲೆ ಮಲಗಿದರೆ ಕಣ್ಣಿಗೆ ಬೆಳಕು ಹೊಡೆಯುತ್ತದೆ ಎಂದು ಅವಳ ತಕರಾರು. "ಎರಡು ಮಾರು ಆಚಿಗೆ ಹಾಕಸ್ರಿ, ಒತ್ತತೀನಿ" ಎನ್ನುತ್ತಾಳೆ. ಎರಡು ಮಾರು ಆಚೆ ಇರುವ ಮನೆಯವರನ್ನು ಕೇಳಲು ಈ ಸಂಜೆ ಹೋಗಬೇಕು.