ದ್ವೀಪಯಾತ್ರೆಯ ಸಂಕಲ್ಪ

ಬೆಂಗಳೂರಿನಲ್ಲಿಯೋ ಮಂಗಳೂರಿನಲ್ಲಿಯೋ ಇರತಕ್ಕ ಒಂದು ಸಂಸಾರವು ಮುಂದಿನ ರಜೆಯನ್ನು ಥಾಯ್ ದೇಶದ ಯಾವುದಾದರೊಂದು ದ್ವೀಪದ ಕಡಲತೀರದಲ್ಲಿ ಕಳೆಯಬೇಕೆಂದು ನಿಶ್ಚಯಿಸಿ, ವಿಮಾನದ ಟಿಕೆಟ್ಟು, ವಸತಿಯ ಬಾಡಿಗೆ, ದೋಣಿಯ ವೇಳೆ ಇವನ್ನೆಲ್ಲ ತಿಂಗಳುಗಟ್ಟಲೆ ಮುಂಚಿತವಾಗಿ ಗೊತ್ತುಮಾಡಿಕೊಳ್ಳುವಾಗ, ಬರಲಿರುವ ಆ ದಿನಗಳಲ್ಲಿ ತನಗೆ ಶಾಂತಿಯುಂಟಾಗುವುದೆಂಬ ನಂಬಿಕೆಯನ್ನೂ ಆ ಲೆಕ್ಕದೊಳಗೇ ಬರೆದುಕೊಂಡಿರುತ್ತದೆ. ಈ ನಂಬಿಕೆ ಯಾವ ಬಗೆಯದು? ಸುಖವನ್ನು ಒಂದು ಸ್ಥಳಕ್ಕೂ ಒಂದು ತಾರೀಖಿಗೂ ಕಟ್ಟಿಹಾಕುವುದು ಬುದ್ಧನು ದುಃಖಮೂಲವೆಂದು ತೋರಿಸಿದ ತೃಷ್ಣೆಯ ಒಂದು ರೂಪವೋ, ಅಥವಾ ದಣಿದ ಮನುಷ್ಯನು ವಿಶ್ರಾಂತಿಗಾಗಿ ಮಾಡಿಕೊಳ್ಳುವ ನಿರ್ದೋಷವಾದ ಸಿದ್ಧತೆಯೋ? ಯಾತ್ರಿಕನು ಹೋಗಲಿರುವುದು ಥೇರವಾದ ಬೌದ್ಧಧರ್ಮವು ಜನಜೀವನದಲ್ಲಿ ಬೇರೂರಿರುವ ದೇಶಕ್ಕೆ. ಆದಕಾರಣ ಈ ಪ್ರಶ್ನೆಯನ್ನು ಆ ದೇಶದ ಧರ್ಮದ ಮುಂದೆಯೇ ಇಟ್ಟು ಕೇಳುವುದು ಉಚಿತವೆಂದು ನನಗೆ ತೋರುತ್ತದೆ.

ಸಿದ್ಧತೆಯಲ್ಲಿ ವಿವೇಕದ ಭಾಗವೊಂದುಂಟೆಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ಆ ದೇಶದ ದಕ್ಷಿಣದ ಕಿರಿದಾದ ನೆಲಕ್ಕೆ ಎರಡು ಕಡಲುಗಳು. ಪಶ್ಚಿಮದ ಅಂಡಮಾನ್ ಸಮುದ್ರದ ಕಡೆಯ ಫುಕೆಟ್, ಕ್ರಾಬಿ, ಫೀ ಫೀಗಳಿಗೆ ನೈಋತ್ಯ ಮಾರುತವು ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ಮಳೆ ಸುರಿಸುತ್ತದೆ. ಪೂರ್ವದ ಥಾಯ್ ಕೊಲ್ಲಿಯ ಸಮುಯಿ, ಫಂಗಾನ್, ತಾವೊ ದ್ವೀಪಗಳಿಗೆ ದೊಡ್ಡ ಮಳೆ ಬರುವುದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ, ಅದರಲ್ಲಿಯೂ ವಿಶೇಷವಾಗಿ ನವೆಂಬರ್‌ನಲ್ಲಿ. ಮಂಗಳೂರಿನ ಮಳೆಗಾಲವೇ ಬೇರೆ, ಚೆನ್ನೈನ ಮಳೆಗಾಲವೇ ಬೇರೆ ಎಂಬುದನ್ನು ಬಲ್ಲ ನಮ್ಮವರಿಗೆ ಇದೇನೂ ಹೊಸ ಪಾಠವಲ್ಲ. ಇಷ್ಟನ್ನು ತಿಳಿದು ಹೊರಡುವವನು ತನ್ನ ಇಚ್ಛೆಯನ್ನು ಪ್ರಕೃತಿಯ ಕ್ರಮಕ್ಕೆ ಹೊಂದಿಸಿಕೊಳ್ಳುತ್ತಾನೆ. ದೋಷಕ್ಕೆ ಎಡೆಯಾಗುವುದು ಮುಂದಿನ ಹೆಜ್ಜೆಯಲ್ಲಿ: ಮಳೆ ಬಾರದ ತಿಂಗಳನ್ನು ಆರಿಸಿಕೊಂಡ ಮನಸ್ಸು, ಇನ್ನು ಮಳೆ ಬರಕೂಡದು, ಬಂದರೆ ತನಗೆ ಅನ್ಯಾಯವಾಯಿತು ಎಂದು ಭಾವಿಸತೊಡಗಿದಾಗ.

ಸಮುಯಿ ಸೇರಿರುವ ಸೂರತ್ ಥಾನಿ ಪ್ರಾಂತದಲ್ಲಿಯೇ, ಮುಖ್ಯಭೂಮಿಯ ಮೇಲೆ, ಚೈಯಾ ಎಂಬ ಪುರಾತನವಾದ ಊರಿದೆ. ಕಳೆದ ಶತಮಾನದ ಥಾಯ್ ಬೌದ್ಧ ಚಿಂತಕರಲ್ಲಿ ಅಗ್ರಗಣ್ಯರಾದ ಬುದ್ಧದಾಸ ಭಿಕ್ಷುಗಳು 1906ರಲ್ಲಿ ಹುಟ್ಟಿದ್ದು ಆ ಸೀಮೆಯಲ್ಲಿ. ಬ್ಯಾಂಕಾಕಿನ ಸಾಂಪ್ರದಾಯಿಕ ವಿದ್ಯಾಭ್ಯಾಸದಿಂದ ತೃಪ್ತಿ ಕಾಣದೆ ಹಿಂದಿರುಗಿ, 1932ರಲ್ಲಿ ಪಾಳುಬಿದ್ದ ವಿಹಾರವೊಂದರಲ್ಲಿ ಸುವಾನ್ ಮೊಕ್ ಎಂಬ ಆಶ್ರಮವನ್ನು ಸ್ಥಾಪಿಸಿದ್ದೂ, 1993ರಲ್ಲಿ ದೇಹವನ್ನು ಬಿಟ್ಟದ್ದೂ ಆ ಸೀಮೆಯಲ್ಲಿಯೇ. ‘ನಾನು’, ‘ನನ್ನದು’ ಎಂಬ ಎರಡು ಭಾವಗಳು ಎಲ್ಲಿ ಮೊಳೆಯುತ್ತವೆಯೋ ಅಲ್ಲಿ ದುಃಖವೂ ಮೊಳೆಯುತ್ತದೆ, ಎಲ್ಲಿ ಅವು ಇಲ್ಲವೋ ಅಲ್ಲಿ ಅದೂ ಇಲ್ಲ ಎಂಬುದು ಅವರ ಬೋಧನೆಯ ತಿರುಳು. ನಿರ್ವಾಣವನ್ನು ಅವರು ಜನ್ಮಾಂತರಗಳ ಆಚೆಯ ದೂರದ ಪದವಿಯಾಗಿ ಇಡಲಿಲ್ಲ. ಕ್ಲೇಶಗಳ ಬೇಗೆ ಅಡಗಿದಾಗ ಚಿತ್ತಕ್ಕೆ ಒದಗುವ ತಂಪೇ ನಿರ್ವಾಣದ ಸ್ವಭಾವವೆಂದೂ, ಆ ತಂಪು ಅಲ್ಪಕಾಲಕ್ಕಾದರೂ ಸಾಮಾನ್ಯ ಮನುಷ್ಯನಿಗೆ ಆಗಾಗ ದೊರೆಯುತ್ತಲೇ ಇರುತ್ತದೆಂದೂ, ಹಗಲಿರುಳು ಎಡೆಬಿಡದೆ ಬೇಯುತ್ತಿದ್ದರೆ ಮನುಷ್ಯರು ಬುದ್ಧಿಭ್ರಮಣೆಗೊಳಗಾಗುತ್ತಿದ್ದರು ಅಥವಾ ಸಾಯುತ್ತಿದ್ದರೆಂದೂ ಅವರು ಹೇಳುತ್ತಿದ್ದರು.

ಈ ಮಾತನ್ನು ಒಪ್ಪುವುದಾದರೆ ಕಡಲತೀರದ ಬಯಕೆಯನ್ನು ಹೀನವೆಂದು ತಳ್ಳಿಹಾಕುವುದಕ್ಕೆ ನಮಗೆ ಅಧಿಕಾರವಿಲ್ಲ. ವರ್ಷವೆಲ್ಲ ಕಚೇರಿಯ ಹೊಣೆಯನ್ನೂ ಮನೆಯ ಸಾಲವನ್ನೂ ಹೊತ್ತವನು ನೀರಿನ ಅಂಚಿನಲ್ಲಿ ಕುಳಿತು, ಅಲೆ ಬಂದು ಹೋಗುವುದನ್ನು ನೋಡುತ್ತ, ಸ್ವಲ್ಪ ಹೊತ್ತು ತಾನು ಯಾರೆಂಬುದನ್ನೇ ಮರೆತನೆಂದರೆ, ಆ ಮರೆವಿನಲ್ಲಿ ಅವನು ಅನುಭವಿಸಿದ್ದು ಆ ತಂಪಿನ ಒಂದು ಕಣವೇ ಎಂದು ನಾನು ನಂಬುತ್ತೇನೆ. ಆದರೆ ಆ ಕಣವನ್ನು ಅವನಿಗೆ ಕೊಟ್ಟದ್ದು ‘ನಾನು’ ಇಲ್ಲದಿದ್ದ ಸ್ಥಿತಿ. ಯೋಜನೆಯಾದರೋ ಮೊದಲಿನಿಂದ ಕೊನೆಯವರೆಗೆ ‘ನಾನು’ ಬರೆದದ್ದು. ನನ್ನ ರಜೆ, ಕಡಲಿಗೆ ಎದುರಾದ ನನ್ನ ಕೋಣೆ, ನಾನು ಹಣ ತೆತ್ತ ಸೂರ್ಯಾಸ್ತಮಾನ! ಆ ಕೋಣೆಯ ಹಾಸಿಗೆಯನ್ನು ಸರಿಪಡಿಸಿ ಹೋದವಳು ಬರ್ಮಾದಿಂದ ಕೂಲಿಗಾಗಿ ಬಂದು, ತನ್ನ ಮಕ್ಕಳನ್ನು ಊರಿನಲ್ಲಿ ಬಿಟ್ಟವಳಾಗಿರಬಹುದೆಂಬ ಯೋಚನೆಗೆ ಇಂಥ ಮಮಕಾರದಲ್ಲಿ ಸ್ಥಳವೆಲ್ಲಿ? ಇದಕ್ಕೆ ವ್ಯತಿರಿಕ್ತವಾಗಿ, ಸುವಾನ್ ಮೊಕ್‌ನ ಸಮೀಪದಲ್ಲಿ ವಿದೇಶೀಯರಿಗಾಗಿ ಏರ್ಪಟ್ಟ ಧ್ಯಾನಾಶ್ರಮದಲ್ಲಿ ತಿಂಗಳ ಮೊದಲ ದಿನದಿಂದ ಹತ್ತು ದಿನಗಳ ಮೌನಶಿಬಿರ ನಡೆಯುವ ಪದ್ಧತಿ ಬೆಳೆದು ಬಂದಿದೆ. ಬೆಳಗಿನ ಜಾವ ನಾಲ್ಕು ಗಂಟೆಗೆ ಏಳಬೇಕು, ದಿಂಬು ಮರದ್ದು. ಬಹುಕಾಲ ಅಲ್ಲಿ ಸ್ಥಳವನ್ನು ಮುಂಗಡವಾಗಿ ಕಾದಿರಿಸುವ ಅವಕಾಶವೇ ಇರಲಿಲ್ಲ. ಬೇಕಾದವರು ಖುದ್ದಾಗಿ ಬಂದು ಹೆಸರು ಬರೆಸಬೇಕಾಗಿತ್ತು. ಬರುವವರೆಗೆ ದೊರೆಯುವುದೋ ಇಲ್ಲವೋ ತಿಳಿಯದಿದ್ದ ಆ ಅನಿಶ್ಚಯವೂ ಶಿಬಿರದ ಒಂದು ಭಾಗವೇ ಆಗಿತ್ತೆಂದು ನನ್ನ ಭಾವನೆ.

ನಮ್ಮಲ್ಲಿ ಗೀತೆಯನ್ನು ಓದಿದವರು, ಯೋಜನೆಯನ್ನು ಮಾಡಲಿ, ಫಲವನ್ನು ಬಿಡಲಿ, ಅಷ್ಟಕ್ಕೆ ಸಮಸ್ಯೆ ತೀರಿತಲ್ಲ ಎಂದಾರು. ಹತ್ತಿರದ ಮಾತು, ಆದರೆ ಒಂದೇ ಮಾತಲ್ಲ. ಗೀತೆಯ ಕರ್ಮಯೋಗಿಯು ಫಲವನ್ನು ಭಗವಂತನಿಗೆ ಒಪ್ಪಿಸುತ್ತಾನೆ; ಒಪ್ಪಿಸುವವನೊಬ್ಬನು ಅಲ್ಲಿ ಉಳಿದೇ ಇರುತ್ತಾನೆ. ಬುದ್ಧದಾಸರು ಕೇಳುವುದು ಆ ಒಪ್ಪಿಸುವವನನ್ನು ಕುರಿತೇ. ಫಲ ಯಾರದೆಂಬ ಪ್ರಶ್ನೆಯೇ ಏಳದ ಶೂನ್ಯಚಿತ್ತದಿಂದ ಕೆಲಸ ಮಾಡಿ ಎಂಬುದು ಅವರ ಉಪದೇಶ. ಗೃಹಸ್ಥನಿಗೆ ಮೊದಲನೆಯದು ಸುಲಭವಾಗಿ ತೋರೀತು. ರಜೆಯ ಮಟ್ಟಿಗೆ ಎರಡನೆಯದೇ ಹೆಚ್ಚು ಉಪಯುಕ್ತವೆಂದು ನಾನು ತಿಳಿಯುತ್ತೇನೆ, ಏಕೆಂದರೆ ರಜೆಯ ಸುಖವನ್ನು ದೇವರಿಗೆ ಅರ್ಪಿಸುವವರು ವಿರಳ, ಅದರಲ್ಲಿ ತನ್ನನ್ನು ಮರೆಯುವ ಶಕ್ತಿ ಮಾತ್ರ ಎಲ್ಲರಲ್ಲಿಯೂ ಇದೆ.

ಫಂಗಾನ್ ದ್ವೀಪದ ಹಾದ್ ರಿನ್ ತೀರದಲ್ಲಿ ಪೂರ್ಣಿಮೆಯ ರಾತ್ರಿ ಸಾವಿರಾರು ಮಂದಿ ತರುಣರು ಬೆಳಗಿನವರೆಗೆ ಕುಣಿಯುತ್ತಾರೆ. ಅದೇ ಪೂರ್ಣಿಮೆ ಬೌದ್ಧರಿಗೆ ಉಪೋಸಥದ ದಿನ. ವಿಹಾರಗಳಲ್ಲಿ ಉಪಾಸಕರು ಅಷ್ಟಶೀಲಗಳನ್ನು ಸ್ವೀಕರಿಸಿ, ಮಧ್ಯಾಹ್ನದ ಮೇಲೆ ಉಣ್ಣದೆ, ನೃತ್ಯಗೀತಗಳಿಂದ ದೂರವಿರುತ್ತಾರೆ. ಮಾಘ, ವೈಶಾಖ, ಆಷಾಢ ಮಾಸಗಳ ಮಹಾಪರ್ವಗಳು ಬಂದಾಗ ಕುಣಿತವನ್ನು ಬೇರೊಂದು ರಾತ್ರಿಗೆ ಸರಿಸುವುದು ವಾಡಿಕೆ. ಆ ಸರಿಸುವಿಕೆಯನ್ನು ನಾನು ಗೌರವದಿಂದ ಕಾಣುತ್ತೇನೆ: ಭೋಗವು ತನಗಿಂತ ಹಿರಿದಾದುದೊಂದಕ್ಕೆ ಜಾಗ ಬಿಟ್ಟುಕೊಡಲು ಅಲ್ಲಿ ಇನ್ನೂ ಕಲಿತಿದೆ.

ಜಾಗ ಬಿಟ್ಟುಕೊಡದಿದ್ದರೆ ಏನಾಗುವುದೆಂಬುದನ್ನು ಫೀ ಫೀ ಲೇ ದ್ವೀಪದ ಮಾಯಾ ಕೊಲ್ಲಿ ತೋರಿಸಿತು. 2000ದಲ್ಲಿ ಬಂದ ಹಾಲಿವುಡ್ ಚಲನಚಿತ್ರವೊಂದರಿಂದ ಪ್ರಸಿದ್ಧಿ ಪಡೆದ ಆ ಸಣ್ಣ ತೀರಕ್ಕೆ ಜನವು ಎಷ್ಟು ನುಗ್ಗಿತೆಂದರೆ, ದೋಣಿಗಳ ಲಂಗರುಗಳಿಂದಲೂ ಕಾಲ್ತುಳಿತದಿಂದಲೂ ಹವಳದ ದಿಬ್ಬಗಳ ಬಹುಭಾಗ ಸತ್ತಿತು. 2018ರ ಜೂನ್‌ನಲ್ಲಿ ಅದನ್ನು ಮುಚ್ಚಬೇಕಾಯಿತು. 2022ರ ಜನವರಿಯಲ್ಲಿ ಮತ್ತೆ ತೆರೆದರು, ಈಜುವುದನ್ನು ನಿರ್ಬಂಧಿಸಿ, ದೋಣಿಗಳನ್ನು ಹಿಂಬದಿಗೆ ಕಳುಹಿಸಿ. ಅಷ್ಟರಲ್ಲಿ ಕಪ್ಪು ರೆಕ್ಕೆತುದಿಯ ಚಿಕ್ಕ ಶಾರ್ಕುಗಳು ನೀರಿಗೆ ಹಿಂದಿರುಗಿದ್ದವು. ಈಗ ಪ್ರತಿವರ್ಷವೂ ಆಗಸ್ಟ್, ಸೆಪ್ಟೆಂಬರ್ ತಿಂಗಳುಗಳಲ್ಲಿ ಆ ಕೊಲ್ಲಿಯನ್ನು ಜನರಿಗೆ ಮುಚ್ಚುತ್ತಾರೆ.

ಈ ಎರಡು ತಿಂಗಳುಗಳು ಬೌದ್ಧಸಂಘದ ವರ್ಷಾವಾಸದ ಕಾಲದೊಳಗೆ ಬೀಳುತ್ತವೆ. ಆಷಾಢ ಪೂರ್ಣಿಮೆಯ ಮರುದಿನದಿಂದ ಮೂರು ತಿಂಗಳು ಭಿಕ್ಷುಗಳು ಒಂದೇ ಕಡೆ ನಿಲ್ಲಬೇಕೆಂಬ ನಿಯಮ ಹುಟ್ಟಿದ್ದು, ಮಳೆಗಾಲದಲ್ಲಿಯೂ ಸಂಚರಿಸುತ್ತ ಇವರು ಎಳೆಯ ಹಸುರನ್ನೂ ಸಣ್ಣ ಜೀವಿಗಳನ್ನೂ ತುಳಿಯುತ್ತಾರಲ್ಲ ಎಂದು ಜನರು ಆಕ್ಷೇಪಿಸಿದ್ದರಿಂದ. ಹೀಗೆ ಅದು ಪರಹಿತಕ್ಕಾಗಿ ಹುಟ್ಟಿದ ಯೋಜನೆ. ಭಿಕ್ಷುವೂ ಸ್ಥಳವನ್ನು ಮುಂಚಿತವಾಗಿ ಆರಿಸುತ್ತಾನೆ, ಕಾಲವನ್ನು ನಿಗದಿಮಾಡುತ್ತಾನೆ, ಇಲ್ಲಿ ಈ ಮೂರು ತಿಂಗಳು ವಾಸಿಸುವೆನೆಂದು ಬಾಯಿಬಿಟ್ಟು ಸಂಕಲ್ಪಿಸುತ್ತಾನೆ. ಆ ದಿನಗಳು ತನಗೆ ಸುಖವನ್ನು ಕೊಡಬೇಕೆಂಬ ಕರಾರನ್ನು ಮಾತ್ರ ಅದರಲ್ಲಿ ಸೇರಿಸುವುದಿಲ್ಲ. ಮತ್ತೆ, ಸಂಕಲ್ಪ ಮಾಡುವಾಗಲೇ ಅದನ್ನು ಸಡಿಲಿಸಬೇಕಾದ ಸಂದರ್ಭವನ್ನೂ ಭಿಕ್ಷುಗಳ ನಿಯಮಗಳನ್ನು ಹೇಳುವ ವಿನಯಶಾಸ್ತ್ರವು ಎಣಿಸಿದೆ: ತಾಯಿಯೋ ತಂದೆಯೋ ಕಾಯಿಲೆ ಬಿದ್ದರೆ, ಏಳು ದಿನಗಳೊಳಗೆ ಹಿಂದಿರುಗುವೆನೆಂದು ಹೇಳಿ ಅವನು ಹೊರಡಬಹುದು, ವ್ರತಭಂಗದ ದೋಷವಿಲ್ಲ. ದ್ವೀಪಕ್ಕೆ ಹೊರಟು ನಿಂತ ಗೃಹಸ್ಥನಿಗೂ ಊರಿನಿಂದ ಅಂಥ ಸುದ್ದಿ ಬರಬಹುದು. ಆ ಗಳಿಗೆಯಲ್ಲಿ ಅವನನ್ನು ಮೊದಲು ಕಾಡುವುದು ತಾಯಿಯ ಜ್ವರವೋ, ಹೋಟೆಲಿನಿಂದ ವಾಪಸು ಬಾರದ ಮುಂಗಡ ಹಣವೋ ಎಂಬುದರಿಂದ, ಇಷ್ಟು ತಿಂಗಳು ಅವನು ಮಾಡುತ್ತಿದ್ದದ್ದು ವಿಶ್ರಾಂತಿಯ ಸಿದ್ಧತೆಯೋ ತೃಷ್ಣೆಯ ಸಂಗ್ರಹವೋ ಅವನಿಗೇ ತಿಳಿದೀತು.