ಕೆರೆಗೆ ಬರುವ ಕಾಲುವೆ

ಚಿತ್ರದುರ್ಗದ ಗುಡ್ಡಗಳ ನಡುವೆ ತಗ್ಗಿನಲ್ಲಿರುವ ಚಂದ್ರವಳ್ಳಿಗೆ ಹೋದವರು ಕೆರೆಯ ನೀರನ್ನು ನೋಡಿ, ಅಂಕಳಿಮಠದ ಗುಹೆಗಳ ಕತ್ತಲನ್ನು ಹೊಕ್ಕು ಹಿಂದಿರುಗುವುದುಂಟು. ಭೈರವೇಶ್ವರನ ಗುಡಿಯ ಬಳಿಯ ಬಂಡೆಯ ಮೇಲೆ ಸವೆದು ಮಸುಕಾಗಿರುವ ಬ್ರಾಹ್ಮೀ ಅಕ್ಷರಗಳ ಮುಂದೆ ನಿಲ್ಲುವವರು ವಿರಳ. ಕದಂಬ ಮಯೂರಶರ್ಮನು ಇಲ್ಲಿ ತಟಾಕವನ್ನು ಮಾಡಿಸಿದನೆಂದು ಸಾರುವ, 4ನೆಯ ಶತಮಾನದ ಆ ಪ್ರಾಕೃತ ಶಾಸನವನ್ನು ಬೆಳಕಿಗೆ ತಂದವರು ಎಂ. ಎಚ್. ಕೃಷ್ಣ ಅವರು. ಅದರ ಮುಂದೆ ನಿಂತಾಗಲೆಲ್ಲ ನನ್ನನ್ನು ಕಾಡುವ ಪ್ರಶ್ನೆ ಒಂದೇ: ಕೆರೆ ತುಂಬುವುದು ಕಟ್ಟಿದವನ ಪೌರುಷದಿಂದಲೋ, ಹರಿದು ಬಂದ ನೀರಿನ ಕೃಪೆಯಿಂದಲೋ?

ದೈವ ಪುರುಷಕಾರಗಳ ಈ ಪುರಾತನ ಜಿಜ್ಞಾಸೆಗೆ ನಮ್ಮ ಶರೀರದೊಳಗೇ ಒಂದು ಸಾಕ್ಷಿಯಿದೆ. ಆರೋಗ್ಯವಂತನ ಯಕೃತ್ತಿನ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಕತ್ತರಿಸಿ ತೆಗೆದರೂ ಉಳಿದ ಭಾಗವು ಕೆಲವು ವಾರ, ತಿಂಗಳುಗಳಲ್ಲಿ ಹಿಗ್ಗಿ ಬೆಳೆದು, ಕಳೆದುಹೋದ ತೂಕವನ್ನು ಬಹುಮಟ್ಟಿಗೆ ತುಂಬಿಕೊಳ್ಳುವುದು. ತಂದೆಯು ಮಗುವಿಗೆ ತನ್ನ ಯಕೃತ್ತನ್ನು ಹಂಚಿಕೊಟ್ಟು ತಾನೂ ಬದುಕುವುದು ಇದರಿಂದಲೇ ಸಾಧ್ಯವಾಗಿದೆ. ಆದರೆ ಈ ಬೆಳವಣಿಗೆ ಸ್ವತಂತ್ರವಲ್ಲ. ಕರುಳು, ಜಠರ, ಗುಲ್ಮ, ಮೇದೋಜೀರಕಗಳಿಂದ ರಕ್ತವನ್ನು ಹೊತ್ತು ತರುವ ಪೋರ್ಟಲ್ ಸಿರೆಯೇ ಯಕೃತ್ತಿಗೆ ಬರುವ ರಕ್ತದ ಸುಮಾರು ಮುಕ್ಕಾಲು ಪಾಲನ್ನು ಒದಗಿಸುವುದು. ಇನ್ಸುಲಿನ್ ಮೊದಲಾದ ಪೋಷಕಗಳು ಮೊದಲು ಮುಟ್ಟುವುದೂ ಈ ದಾರಿಯಿಂದಲೇ. ಆ ಸಿರೆ ಬಹಳ ಇಕ್ಕಟ್ಟಾದರೆ ಬೆಳವಣಿಗೆಯೂ ಕುಂಠಿತವಾಗುವುದು.

1920ರಲ್ಲಿ ಪೇಟನ್ ರೌಸ್ ಮತ್ತು ಲಾರಿಮೋರ್ ಎಂಬ ವಿಜ್ಞಾನಿಗಳು ಮೊಲದ ಯಕೃತ್ತಿನ ಕೆಲವು ಹಾಲೆಗಳಿಗೆ ಹೋಗುವ ಪೋರ್ಟಲ್ ಕವಲನ್ನು ಮಾತ್ರ ಕಟ್ಟಿಹಾಕಿದರು. ಧಮನಿಯ ರಕ್ತ ಎಂದಿನಂತೆ ಹರಿಯುತ್ತಿದ್ದರೂ ಆ ಹಾಲೆಗಳು ಮೆಲ್ಲಮೆಲ್ಲನೆ ಬಾಡಿ ಕುಗ್ಗಿದವು. ಪಕ್ಕದ ಹಾಲೆಗಳು, ತಮ್ಮತ್ತ ತಿರುಗಿದ ರಕ್ತವನ್ನೆಲ್ಲ ಪಡೆದು, ಹಿಗ್ಗಿ ದೊಡ್ಡವಾದವು. ಒಂದೇ ದೇಹ, ಒಂದೇ ಜಾತಿಯ ಜೀವಕೋಶ, ವ್ಯತ್ಯಾಸವೆಲ್ಲ ಕಾಲುವೆಯದು.

ಹಾಗೆಂದು ಹರಿವು ಹೆಚ್ಚಿದಷ್ಟೂ ಒಳಿತೆನ್ನಲಾಗದು. ಉಳಿದ ಚೂರು ಅತಿ ಚಿಕ್ಕದಾಗಿರುವಾಗ, ಇಡೀ ಯಕೃತ್ತಿಗೆ ಬರಬೇಕಾದ ರಕ್ತವೆಲ್ಲ ಅದರ ಮೇಲೆಯೇ ನುಗ್ಗಿದರೆ, ಅದರ ಸೂಕ್ಷ್ಮ ನಾಳಗಳು ಜರ್ಜರಿತವಾಗುವುವು. ಆಗ ಶಸ್ತ್ರವೈದ್ಯನೇ ಆ ಹರಿವನ್ನು ತಕ್ಕಮಟ್ಟಿಗೆ ತಗ್ಗಿಸುವನು. ಕೋಡಿಯಿಲ್ಲದ ಕೆರೆಗೆ ಜಡಿಮಳೆ ಬಂದರೆ ಏರಿ ಒಡೆಯುವುದೆಂಬುದನ್ನು ನಮ್ಮ ಬಯಲುಸೀಮೆಯ ರೈತನಿಗೆ ಯಾರೂ ಕಲಿಸಬೇಕಾಗಿಲ್ಲ.

ಮಹಾಭಾರತದ ಅನುಶಾಸನ ಪರ್ವವು ಪುರುಷಕಾರವನ್ನು ಹೊಲವೆಂದೂ ದೈವವನ್ನು ಬೀಜವೆಂದೂ ಕರೆದಿದೆ. ಯಕೃತ್ತನ್ನು ನೋಡಿದ ಮೇಲೆ ಈ ಹೋಲಿಕೆಯನ್ನು ಇನ್ನೊಂದು ಹೆಜ್ಜೆ ಮುಂದೊಯ್ಯಬೇಕೆಂದು ನನಗೆ ತೋರುವುದು. ಬೆಳೆಯುವ ಶಕ್ತಿಯನ್ನು ನಾವು ಸಂಪಾದಿಸಿದ್ದಲ್ಲ, ಅದನ್ನು ಎಚ್ಚರಿಸುವ ಹರಿವೂ ನಮ್ಮ ಸೃಷ್ಟಿಯಲ್ಲ, ಎರಡೂ ದತ್ತವಾದವು. ನಮ್ಮ ಪಾಲಿಗೆ ಉಳಿದಿರುವುದು ಕಾಲುವೆಯ ಹೂಳೆತ್ತುವ ಕೆಲಸ, ಇಕ್ಕಟ್ಟಾದ ಸಿರೆಯನ್ನು ಪುಟ್ಟ ಬಲೂನಿನಿಂದ ಅಗಲಿಸುವ ವೈದ್ಯನದೂ ಅದೇ ಕೆಲಸ. ಇದು ಅಲ್ಪವೆಂದು ನಾನು ಭಾವಿಸುವುದಿಲ್ಲ. ಚಂದ್ರವಳ್ಳಿಗೆ ಹೋಗುವ ಓದುಗರು ಆ ಬಂಡೆಯ ಮುಂದೆ ಒಂದು ಗಳಿಗೆ ನಿಲ್ಲಬೇಕು, ತಮ್ಮೂರಿಗೆ ಮರಳಿದ ಮೇಲೆ ತಮ್ಮ ಕೆರೆಗೆ ನೀರು ಬರುವ ದಾರಿಯನ್ನೊಮ್ಮೆ ನಡೆದು ನೋಡಬೇಕು ಎಂಬುದು ನನ್ನ ವಿನಂತಿ.