ಯಾರೂ ನೋಡದ ಅಡಿಭಾಗ

ಯಾರು ಮಾಡಿದರೆಂದು ಎಂದಿಗೂ ತಿಳಿಯದ ತಪ್ಪಿಗೆ ಹೊಣೆಯುಂಟೇ? ಹಲವರು ಕೂಡಿ ದುಡಿಯುವ ಕುಂಬಾರಿಕೆಯ ಕಾರ್ಯಾಗಾರವೊಂದನ್ನು ಗಮನಿಸಿರಿ. ಮಡಕೆಗೆ ಹೊಳಪು ಕೊಡುವ ಲೇಪವು ನೀರಿನಲ್ಲಿ ಕದಡಿದ ಕಲ್ಲುಪುಡಿ ಮತ್ತು ಜೇಡಿಮಣ್ಣು. ಆವಿಗೆಯ ಸುಮಾರು 1,200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅದು ಕರಗಿ ಗಾಜಾಗುತ್ತದೆ. ಲೇಪ ದಪ್ಪವಾದರೆ ಕೆಳಗೆ ಹರಿಯುತ್ತದೆ. ಅಡಿಭಾಗವನ್ನು ಒದ್ದೆ ಸ್ಪಂಜಿನಿಂದ ಒರೆಸದಿದ್ದರೆ ಮಡಕೆ ಹಲಗೆಗೆ ಅಂಟಿ, ಎಲ್ಲರ ಹಲಗೆ ಹಾಳಾಗುತ್ತದೆ. ಒಂದು ಬಣ್ಣದ ಸೌಟನ್ನು ಮತ್ತೊಂದರ ಬಕೆಟ್ಟಿನಲ್ಲಿ ಅದ್ದಿದರೆ, ಮುಂದೆ ಬರುವವರ ಶ್ರಮವೆಲ್ಲ ಕೆಡುತ್ತದೆ. ಅದ್ದಿದವರು ಯಾರೆಂದು ಬಕೆಟ್ಟು ಹೇಳುವುದಿಲ್ಲ.

ಮಡಕೆ ನನ್ನದಿರಬಹುದು, ಬೆಂಕಿ ಎಲ್ಲರದು. ಆದುದರಿಂದ ಹೊಣೆಯು ಸಿಕ್ಕಿಬೀಳುವುದರಿಂದ ಹುಟ್ಟುವುದಿಲ್ಲ, ಹಂಚಿಕೊಳ್ಳುವುದರಿಂದಲೇ ಹುಟ್ಟುತ್ತದೆ. ಯಾರೂ ಹೊಗಳದ ಅಡಿಭಾಗವನ್ನು ಒರೆಸುವ ಆ ಒಂದು ನಿಮಿಷ, ನಾವು ಹೆಸರನ್ನೂ ಅರಿಯದ ನೆರೆಯವರಿಗೆ ಸಲ್ಲಿಸುವ ನ್ಯಾಯ. ನಮ್ಮ ಮನೆಯಲ್ಲಿ, ಕೆಲಸದಲ್ಲಿ ಅಂತಹ ಅಡಿಭಾಗ ಯಾವುದೆಂದು ಇಂದು ಕೇಳಿಕೊಳ್ಳೋಣವೇ?